ಚೆಂಡಕ್ಕ ಮತ್ತು ದೊರೆಯ ಮೂಗು

ಚೆಂಡಕ್ಕನ ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತಿತ್ತು. ಗೋದಾಮಿನ ಹಮಾಲರಿಂದ ಹಿಡಿದು ಬೀದಿಯ ಚಿಳ್ಳೆಪಿಳ್ಳೆಗಳವರೆಗೆ ಎಲ್ಲರ ಬಾಯಲ್ಲೂ ಅವಳು ಚೆಂಡಕ್ಕನೇ. ಖಾಕಿ ಪ್ಯಾಂಟಿನ ಬಲಜೇಬು ಸದಾ ಉಬ್ಬಿಕೊಂಡಿರುತ್ತಿತ್ತು. ಅದರೊಳಗೊಂದು ರಬ್ಬರ್ ಚೆಂಡು. ಕಚ್ಚಿಸಿಕೊಂಡು ಕಚ್ಚಿಸಿಕೊಂಡು ಅದರ ಮೂಲ ಬಣ್ಣ ಯಾವುದೆಂದು ಮಾಡಿದವನಿಗೂ ಹೇಳಲಾಗದಂಥ ಸ್ಥಿತಿ. ಐವತ್ತರ ಹತ್ತಿರ ಬಂದ, ಸೊಸೆ ತರುವ ವಯಸ್ಸಿನ ಹೆಂಗಸು ಜೇಬಿನಲ್ಲಿ ಚೆಂಡಿಟ್ಟುಕೊಂಡು ಓಡಾಡಿದರೆ ಜನ ನಗದೆ ಇರುತ್ತಾರೆಯೇ? ನಗಲಿ ಬಿಡಿ. ಆ ಚೆಂಡಿನ ಹಿಂದೆ ಒಂದು ಇಲಾಖೆಯೇ ಇತ್ತು.

ಅವಳ ಕೆಲಸ ಶ್ವಾನದಳದಲ್ಲಿ. ಲಾರಿ ನಿಲ್ದಾಣದ ಪಕ್ಕದ ಪಾರ್ಸೆಲ್ ಗೋದಾಮಿಗೆ ಬೆಳಿಗ್ಗೆ ಬಂದಿಳಿಯುವ ಮೂಟೆ, ಪೆಟ್ಟಿಗೆ, ಡಬ್ಬಗಳ ನಡುವೆ ನಾಯಿಯನ್ನು ನಡೆಸಿಕೊಂಡು ಹೋಗುವುದು. ನಾಯಿ ಎಂದರೆ ಅವಳು ಕೆರಳುತ್ತಿದ್ದಳು, "ಅವನಿಗೊಂದು ಹೆಸರಿದೆ" ಎನ್ನುತ್ತಿದ್ದಳು. ಇಲಾಖೆ ಇಟ್ಟ ಇಂಗ್ಲಿಷ್ ಹೆಸರು ಅವಳ ನಾಲಿಗೆಗೆ ಒಗ್ಗಿರಲಿಲ್ಲ. ಮರಿಯಾಗಿದ್ದಾಗಲೇ ಎದೆ ಮುಂದೆ ಮಾಡಿಕೊಂಡು, ಯಾರಿಗೂ ಸೊಪ್ಪು ಹಾಕದೆ ನಡೆಯುತ್ತಿದ್ದ ಅವನ ಗತ್ತು ನೋಡಿ ದೊರೆ ಎಂದು ಕರೆದಳು, ಅದೇ ಉಳಿಯಿತು. ಕಂದು ಮೈ, ನಿಮಿರಿ ನಿಂತ ಒಂದು ಕಿವಿ, ಜೋತುಬಿದ್ದ ಇನ್ನೊಂದು ಕಿವಿ. ನೋಡಲು ಅಂಥ ಚೆಲುವನೇನಲ್ಲ, ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆಯೇ ಇದೆಯಲ್ಲ.

ದೊರೆ ಬೊಗಳುತ್ತಿರಲಿಲ್ಲ, ಕೆರೆಯುತ್ತಿರಲಿಲ್ಲ. ಗಾಂಜಾದ ವಾಸನೆ ಮೂಗಿಗೆ ಬಡಿಯಿತೋ, ಅದರ ಮುಂದೆ ನೆಟ್ಟಗೆ ಕೂತುಬಿಡುತ್ತಿದ್ದ. ಅಷ್ಟೇ ಅವನ ಸಾಕ್ಷಿ. ಅವನು ಕೂತ ಕ್ಷಣವೇ ಚೆಂಡು ಹಾರಬೇಕು, ಅವನು ತಂದುಕೊಟ್ಟಾಗ "ಭೇಷ್" ಎನ್ನಬೇಕು. ಒಂದು ಉಸಿರು ತಡವಾದರೂ ತಾನು ಸರಿ ಹೇಳಿದೆನೋ ತಪ್ಪು ಹೇಳಿದೆನೋ ಎಂದು ನಾಯಿಗೆ ಗೊಂದಲ. ಹೀಗಾಗಿ ನಾಯಿಯ ಮೂಗಿಗಿಂತ ಹೆಚ್ಚು ಪಳಗಬೇಕಾದ್ದು ಹಿಡಿದವರ ಕೈ. ಚೆಂಡಕ್ಕನ ಕೈ ಎಷ್ಟು ಪಳಗಿತ್ತೆಂದರೆ, ಬಸ್ಸಿನಲ್ಲಿ ಯಾರಾದರೂ ಸೀಟಿನ ಮೇಲೆ ದೊಪ್ಪನೆ ಕೂತರೆ ಅದು ತಾನಾಗಿ ಜೇಬಿಗೆ ಹೋಗುತ್ತಿತ್ತು. ಒಮ್ಮೆ ಗಂಡನ ದೊಡ್ಡಪ್ಪ ಮನೆಗೆ ಬಂದು ಕುರ್ಚಿಯಲ್ಲಿ ಕೂತಾಗ ಅವಳ ಬಾಯಿಂದ "ಭೇಷ್!" ಎಂದು ಬಂದುಬಿಟ್ಟು, ಆ ಹಿರಿಯರು ಇವತ್ತಿಗೂ ಅವಳೆದುರು ನಿಂತೇ ಮಾತಾಡುತ್ತಾರೆ.

ಇನ್ನೊಂದು ನಿಯಮವಿತ್ತು. ಕೂತ ನಾಯಿಯನ್ನು ಎಳೆಯಬಾರದು. ದಳದಲ್ಲಿ ನಾಯಿ ನಡೆಸುವ ಇನ್ನೊಬ್ಬ ಹಿಡಿಕೆಯವನು ಯಾರೋ ದೊಡ್ಡವರ ಕಾರಿನ ಮುಂದೆ ಕೂತ ತನ್ನ ನಾಯಿಯನ್ನು ಹೆದರಿ ಒಮ್ಮೆ ಎಳೆದುಬಿಟ್ಟಿದ್ದ. ಅಲ್ಲಿಂದಾಚೆ ಆ ನಾಯಿ ಎಲ್ಲೇ ಕೂರುವುದಿದ್ದರೂ ಮೊದಲು ಅವನ ಮುಖ ನೋಡತೊಡಗಿತು. ಕೂರಲಾ? ಬೇಡವಾ? ಮುಖ ನೋಡಿ ಕೂರುವ ನಾಯಿಯಿಂದ ಯಾರಿಗೇನು ಉಪಯೋಗ? ಚೆಂಡಕ್ಕ ಇದನ್ನು ಕಣ್ಣಾರೆ ಕಂಡಿದ್ದಳು. ಆದ್ದರಿಂದ ದೊರೆಗೆ ಅವಳು ಒಂದು ದಿನವೂ ಸುಳ್ಳು ಹೇಳಿದವಳಲ್ಲ. ಗಂಡನಿಗೆ ಬೇಕಾದಷ್ಟು ಹೇಳಿದ್ದಳು, ಅದು ಬೇರೆ ಮಾತು. ಕೋರ್ಟಿನಲ್ಲಿ ವಕೀಲನೊಬ್ಬ "ನಾಯಿ ಮೂಗನ್ನ ನಂಬಿ ಮನುಷ್ಯನನ್ನ ಜೈಲಿಗೆ ಹಾಕೋದಾ?" ಎಂದು ಅಣಕಿಸಿದಾಗ, "ಸ್ವಾಮಿ, ನನ್ನನ್ನ ನಂಬ್ಬೇಡಿ, ನಿಮ್ಮನ್ನಂತೂ ನಂಬ್ಲೇಬೇಡಿ, ದೊರೆನ ನಂಬಿ" ಎಂದು ನ್ಯಾಯಾಧೀಶರೆದುರೇ ಹೇಳಿ ಬೈಸಿಕೊಂಡು ಬಂದಿದ್ದಳು.

ಹೀಗಿರುವಾಗ ಸರ್ಕಾರ ಹೊಸ ಮಾತೊಂದನ್ನು ತೇಲಿಬಿಟ್ಟಿತು. ಗಾಂಜಾ ಇನ್ನು ಅಪರಾಧವಲ್ಲ, ಲೈಸೆನ್ಸ್ ಅಂಗಡಿಯಲ್ಲಿ ಮಾರಬಹುದು, ಮೇಲೆ ತೆರಿಗೆ. ಇನ್ನೂ ಕಾನೂನಾಗಿರಲಿಲ್ಲ, ವಾರ್ಡ್ ವಾರ್ಡಿನಲ್ಲಿ ಸಭೆ ಕರೆದು ಜನರ ಅಭಿಪ್ರಾಯ ಕೇಳುತ್ತಾರಂತೆ ಎಂದು ಸುದ್ದಿ. ಗೋದಾಮಿನ ಗೇಟಿನ ಚಹದಂಗಡಿಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ.

"ಸಾರಾಯಿಗೆ ಲೈಸೆನ್ಸ್ ಇಲ್ವಾ? ಬೀಡಿಗೆ ತೆರಿಗೆ ಇಲ್ವಾ? ಇದೊಂದೇನು ಮಲಮಗುವಾ?" ಎಂದ ಹಮಾಲರ ಮುಖಂಡ.

"ನಿನ್ನ ಮಗ ಸೇದ್ಕೊಂಡು ಮೂಲೇಲಿ ಬಿದ್ಕೊಳ್ಲಿ, ಆವಾಗ ಹೇಳೀವಂತೆ," ಎಂದ ಲಾರಿ ಡ್ರೈವರ್.

"ಈಗೇನು ಸೇದದೇ ಕೂತಿದ್ದಾರಾ? ಕಳ್ಳರ ಜೇಬಿಗೆ ಹೋಗೋದು ಸರ್ಕಾರಕ್ಕೆ ಹೋಗ್ಲಿ ಬಿಡ್ರಿ. ಆ ತೆರಿಗೇಲಿ ಆಸ್ಪತ್ರೆ ಕಟ್ತಾರಂತೆ," ಎಂದ ಗೋದಾಮಿನ ಗುಮಾಸ್ತ.

"ಮೊದಲು ಕಾಯಿಲೆ ಮಾರೋದು, ಆಮೇಲೆ ಆಸ್ಪತ್ರೆ ಕಟ್ಟೋದು. ಒಳ್ಳೆ ವ್ಯಾಪಾರ!" ಎಂದ ಡ್ರೈವರ್.

ಎಲ್ಲರೂ ಚೆಂಡಕ್ಕನ ಕಡೆ ತಿರುಗಿದರು. ಅವಳು ಲೋಟ ಕೆಳಗಿಟ್ಟು, "ನಮಗ್ಯಾಕಪ್ಪಾ ಊರ ಉಸಾಬರಿ? ಹಗ್ಗ ಹಿಡ್ಕೊಳ್ಳೋದು ನನ್ನ ಕೆಲಸ, ಕೂರೋದು ಬಿಡೋದು ದೊರೆಗೆ ಬಿಟ್ಟಿದ್ದು," ಎಂದು ಎದ್ದಳು. ಅವಳಿಗೆ ನಿಜವಾಗಿಯೂ ಯಾವ ಪಕ್ಷವೂ ಇರಲಿಲ್ಲ.

ಆದರೆ ಊರ ಉಸಾಬರಿ ಅವಳ ಬುಡಕ್ಕೇ ಬಂತು. ದಳದ ಮುಖ್ಯಸ್ಥರು ಒಂದು ದಿನ ಅವಳನ್ನು ಕರೆಸಿದರು. ಮೀಸೆ ಬೋಳಿಸಿ ವರ್ಷಗಳಾಗಿದ್ದರೂ ದಳದಲ್ಲಿ ಅವರಿಗೆ ಮೀಸೆ ಸಾಹೇಬರು ಎಂದೇ ಹೆಸರು.

"ಕಾನೂನು ಬರುತ್ತೋ ಬಿಡುತ್ತೋ, ಮೇಲಿನವರು ಈಗಲೇ ತಯಾರಿ ನಡೆಸಿದ್ದಾರಮ್ಮ. ಗಾಂಜಾ ಕಲಿತ ನಾಯಿಗಳನ್ನೆಲ್ಲಾ ನಿವೃತ್ತಿ ಮಾಡಿ ಅಂದಿದ್ದಾರೆ."

"ಅವನು ಬೇರೆ ವಾಸನೆನೂ ಕಲ್ತಿದ್ದಾನಲ್ಲ ಸಾರ್?"

"ಕಲ್ತಿದ್ದಾನೆ. ಯಾವ ವಾಸನೆಗೆ ಕೂತೆ ಅಂತ ಕೇಳಿದ್ರೆ ಬಾಯಿ ಬಿಡ್ತಾನಾ? ನಾಳೆ ಅಂಗಡಿ ಗಾಂಜಾ ಜೇಬಲ್ಲಿರೋ ಸಭ್ಯಸ್ಥನ ಮುಂದೆ ಕೂತ್ರೆ ಮಾನನಷ್ಟ ಕೇಸು ನಮ್ಮ ಮೇಲೆ."

"ಆ ವಾಸನೆ ಒಂದನ್ನ ಮರೆಸಿದ್ರೆ?"

ಕೇಳುತ್ತಿರುವಾಗಲೇ ಅವಳಿಗೆ ಉತ್ತರ ಗೊತ್ತಿತ್ತು. ಕಾನೂನನ್ನು ಒಂದು ಸಹಿಯಲ್ಲಿ ಬದಲಾಯಿಸಬಹುದು, ನಾಯಿಯ ಮೂಗನ್ನಲ್ಲ. ಮೀಸೆ ಸಾಹೇಬರು ನಿಯಮ ಹೇಳಿದರು. ನಿವೃತ್ತ ನಾಯಿ ಹಿಡಿಕೆಯವರ ಮನೆಗೇ ಹೋಗಬಹುದು, ಆದರೆ ಮನೆಯವರೆಲ್ಲ ಒಪ್ಪಬೇಕು, ತಾವೇ ಬಂದು ಮನೆ ನೋಡಬೇಕು. ಇಲ್ಲವಾದರೆ ಊರಾಚೆಯ ಗುಜರಿ ಅಂಗಳಕ್ಕೆ ಕಾವಲುನಾಯಿ, ಕೊರಳಿಗೆ ಸರಪಳಿ. ಒಪ್ಪಿದರೆ ಬೀಳ್ಕೊಡುಗೆ ಆಗುತ್ತದೆ, ದಳದವರೆಲ್ಲ ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯುತ್ತಾರೆ, ದೊರೆಯ ಫೋಟೋ ಕಚೇರಿಯ ಗೋಡೆಯ ಮೇಲೆ ಒಳ್ಳೊಳ್ಳೆಯ ನಾಯಿಗಳ ಸಾಲಿನಲ್ಲಿ ಏರುತ್ತದೆ.

"ಮನೆಯವರು ಒಪ್ಪದೇ ಏನು ಸಾರ್! ನಮ್ಮತ್ತೆ ಅವನಿಗೆ ಸ್ವೆಟರ್ ಹೆಣೆದು ಕೊಟ್ಟಿದ್ದಾರೆ!" ಎಂದಳು ಚೆಂಡಕ್ಕ. ಮನೆಗೆ ಹೋಗುವ ದಾರಿಯಲ್ಲೇ ಅವನ ಹಾಸಿಗೆ ಎಲ್ಲಿ, ತಟ್ಟೆ ಎಲ್ಲಿ ಎಂದು ಮನಸ್ಸಿನಲ್ಲಿ ಜಾಗ ಮಾಡಿಯೂ ಆಯಿತು.

ಮೊದಲು ಬೀದಿ ತುದಿಯ ಗಂಡನ ಅಂಗಡಿಗೆ ಹೋದಳು. ಗಂಡ ದರ್ಜಿ. ಅಂಗಡಿಯ ಹಿಂದೆ ಪರದೆ ಕಟ್ಟಿದ ಒಂದು ಮೂಲೆಯಲ್ಲಿ ಖಾಕಿ ಕಳಚಿ ಸೀರೆ ಉಟ್ಟು, ಕೈಕಾಲು ತೊಳೆದು ಮನೆಗೆ ಹೋಗುವುದು ಈಚೀಚೆಗಿನ ಪದ್ಧತಿ. ಕೆಲವು ತಿಂಗಳ ಹಿಂದೆ ಗಂಡನೇ ಶುರು ಮಾಡಿದ್ದು. "ನಾಯಿ ಕೂದಲು ಅಮ್ಮನ ಉಲ್ಲನ್‌ಗೆ ಅಂಟುತ್ತೆ ಕಣೇ. ಖಾಕಿ ಇಲ್ಲೇ ಇರ್ಲಿ, ನಾನೇ ಒಗೆದು ಇಸ್ತ್ರಿ ಮಾಡಿಡ್ತೀನಿ" ಎಂದಿದ್ದ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಈ ಮನುಷ್ಯನಿಗೆ ಪ್ರೀತಿ ಉಕ್ಕಿದೆಯಲ್ಲ ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು. ಬೆಳಿಗ್ಗೆ ಬಂದರೆ ಗರಿಗರಿ ಖಾಕಿ, ಮಡಿಕೆಗೆ ಬೆರಳು ಕೊಯ್ಯಬೇಕು, ಹಾಗೆ.

ಮನೆಯಲ್ಲಿ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹೆಣಿಗೆ ಹಿಡಿದು ಕೂತಿದ್ದರು. ನಿವೃತ್ತ ಲೆಕ್ಕದ ಮೇಷ್ಟ್ರಮ್ಮ. ನಿಜ ಬಿಟ್ಟು ಆಡಿದ ಹುಡುಗರ ಕಿವಿ ಹಿಂಡಿ ಹಿಂಡಿ ಬೆರಳು ಗಟ್ಟಿಯಾದವರು. ಹಿಂದಿನ ವರ್ಷ ಸರ್ಪಸುತ್ತು ಬಂದು ಹೋಗಿತ್ತು. ಗುಳ್ಳೆ ಒಣಗಿದವು, ಪಕ್ಕೆಯ ನೋವು ಮಾತ್ರ ಹೋಗಲಿಲ್ಲ. ಸೀರೆಯ ಸೆರಗು ತಾಗಿದರೂ ಬೆಂಕಿ ತಾಗಿದಂತೆ ಚೀರುತ್ತಿದ್ದರು. ಎಷ್ಟು ಡಾಕ್ಟರು, ಎಷ್ಟು ಮಾತ್ರೆ! ಗಟ್ಟಿಗಿತ್ತಿ ಹೆಂಗಸು ಗೋಡೆಗೆ ಮುಖ ಮಾಡಿ ಅಳುವುದನ್ನು ಕೇಳಿ ಚೆಂಡಕ್ಕನೂ ಅಡುಗೆಮನೆಯಲ್ಲಿ ಅತ್ತಿದ್ದಳು. ಈಗ ಕೆಲವು ತಿಂಗಳಿಂದ ದೇವರು ಕಣ್ಣು ಬಿಟ್ಟಿದ್ದ. ಅತ್ತೆ ನಿದ್ದೆ ಮಾಡುತ್ತಿದ್ದರು, ಊಟ ಸೇರುತ್ತಿತ್ತು, ಹೆಣಿಗೆ ಮತ್ತೆ ಕೈಗೆ ಬಂದಿತ್ತು. ಹೊಸ ಮುಲಾಮಿನ ಮಹಿಮೆ ಎಂದು ಮಗ ಹೇಳಿದ್ದ. ಮನೆಯೆಲ್ಲಾ ಆ ಮುಲಾಮಿನ ಘಾಟು.

"ಅತ್ತೆ, ದೊರೆನ ಮನೆಗೆ ಕರ್ಕೊಂಡು ಬರೋಣ ಅಂತಿದ್ದೀನಿ."

ಕಡ್ಡಿಗಳು ನಿಂತವು. "ಯಾವ ದೊರೆ?"

"ನನಗೆ ಎಷ್ಟು ಜನ ದೊರೆಗಳಿದ್ದಾರೆ ಅತ್ತೆ?"

"ನಾನೊಬ್ಬ ಇದ್ದೀನಲ್ಲ," ಎಂದ ಒಳಬಂದ ಗಂಡ, ಆದರೆ ನಗು ಅರ್ಧಕ್ಕೇ ನಿಂತಿತು. ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೆಂಡಕ್ಕ ಎಲ್ಲಾ ಹೇಳಿದಳು, ಗುಜರಿ ಅಂಗಳ, ಸರಪಳಿ, ಎಲ್ಲಾ.

"ಬೇಡಮ್ಮ," ಎಂದರು ಅತ್ತೆ. "ನನಗೆ ನಾಯಿ ಆಗಲ್ಲ."

"ಆಗಲ್ಲ? ಸ್ವೆಟರ್ ಹೆಣೆದ್ರಲ್ಲ ಅತ್ತೆ!"

"ಹೆಣೆದೆ. ದೂರದಿಂದ. ಮನೆ ಒಳಗೆ ಬೇಡ."

"ರೀ, ನೀವಾದ್ರೂ ಹೇಳ್ರಿ!"

ಗಂಡ ಗೋಡೆಯ ಗಡಿಯಾರ ನೋಡುತ್ತಾ, "ಅಮ್ಮನಿಗೆ ಆಗಲ್ಲ ಅಂದ್ರೆ ಬೇಡ ಕಣೇ. ಅಲ್ಲೂ ಊಟ ಗೀಟ ಹಾಕ್ತಾರಲ್ಲ," ಎಂದ.

ಅಷ್ಟು ಸಾಕಾಯಿತು. ಚೆಂಡಕ್ಕ ಆ ವಾರ ಮನೆಯಲ್ಲಿ ಮಾತು ಬಿಟ್ಟಳು. ಎಂಥ ಜನ ಇವರು? ಹೀಗೇ ಒಂದು ದಿನ ನನ್ನನ್ನೂ ಗುಜರಿಗೆ ಹಾಕುತ್ತಾರೋ ಏನೋ! ಟೀವಿಯಲ್ಲಿ ಗಾಂಜಾ ತೆರಿಗೆಯ ಚರ್ಚೆ ಬಂದರೆ ಮೊದಲು "ಪಾಪಕ್ಕೂ ರಸೀದಿ ಕೊಡ್ತಾರಂತೆ" ಎಂದು ಹರಿಹಾಯುತ್ತಿದ್ದ ಅತ್ತೆ ಈಗ ಸುಮ್ಮನೆ ಚಾನೆಲ್ ಬದಲಾಯಿಸುತ್ತಿದ್ದರು. ನಾಯಿಯ ಮಾತು ಮತ್ತೆ ಎದ್ದೀತೆಂದು ತಪ್ಪಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ಚೆಂಡಕ್ಕನಿಗೆ ಇನ್ನಷ್ಟು ಉರಿಯಿತು.

ಕೊನೆಗೆ ಅವಳೇ ಒಂದು ಉಪಾಯ ಹೂಡಿದಳು. ಮನೆಯವರು ಒಪ್ಪಿದ್ದಾರೆ ಎಂದು ಮೀಸೆ ಸಾಹೇಬರಿಗೆ ಹೇಳಿಬಿಟ್ಟಳು. ಅವರೂ ದೊರೆಯೂ ಜೊತೆಯಾಗಿ ಬಾಗಿಲಿಗೆ ಬಂದು ನಿಂತರೆ, ಆ ಜೋತುಕಿವಿ ನೋಡಿದರೆ, ಅತ್ತೆಯ ಕಲ್ಲು ಮನಸ್ಸೂ ಕರಗದೇ ಇರುವುದಿಲ್ಲ ಎಂದು ಅವಳ ಲೆಕ್ಕ.

ಭಾನುವಾರ ಬೆಳಿಗ್ಗೆ ಇಲಾಖೆಯ ಜೀಪು ಬೀದಿಗೆ ಬಂತು. ಗಂಡ ಅಂಗಡಿಯಲ್ಲಿದ್ದ. ಅತ್ತೆ ಕಿಟಕಿಯ ಕುರ್ಚಿಯಲ್ಲಿ, ಕಾಲ ಬಳಿ ಉಲ್ಲನ್ ಚೀಲ, ಎದುರಿಗೆ ಟೀವಿ.

"ಅತ್ತೆ, ಯಾರು ಬಂದಿದ್ದಾರೆ ನೋಡಿ!"

ಅತ್ತೆ ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಸಾಹೇಬರನ್ನು ನೋಡಿ ಗಾಬರಿಯಾದರೆಂದು ಚೆಂಡಕ್ಕ ನಗುತ್ತಾ ದೊರೆಯ ಹಗ್ಗ ಬಿಚ್ಚಿದಳು. "ಹೋಗೋ, ಅಜ್ಜಿಗೆ ನಮಸ್ಕಾರ ಮಾಡು."

ದೊರೆ ಮೊದಲು ಚಪ್ಪಲಿ ಗೂಡು ಮೂಸಿದ. ಮಂಚದ ಕೆಳಗೆ ತಲೆ ತೂರಿಸಿ ಬಂದ. ಆಮೇಲೆ ನಡುಮನೆಯಲ್ಲಿ ನಿಂತು ಮೂಗನ್ನು ಮೇಲೆತ್ತಿದ. ಜೋತುಕಿವಿಯೂ ಎದ್ದಿತು. ಬೇರೆ ಯಾರಿಗಾದರೂ ಅದು ನಾಯಿಯ ಮುದ್ದು. ಚೆಂಡಕ್ಕನಿಗೆ ಅದರ ಅರ್ಥ ಗೊತ್ತಿತ್ತು, ಮನಸ್ಸು ಮಾತ್ರ ಒಪ್ಪಲಿಲ್ಲ. ಮುಲಾಮಿನ ಘಾಟು, ಉಲ್ಲನ್, ಕಾಫಿ, ಎಲ್ಲವನ್ನೂ ಸೀಳಿಕೊಂಡು ದೊರೆ ನೇರ ಕುರ್ಚಿಯ ಬಳಿ ಹೋದ. ಯಾರ ಮುಖವನ್ನೂ ನೋಡಲಿಲ್ಲ. ಅತ್ತೆಯ ಚೀಲದ ಮುಂದೆ, ಬೆನ್ನು ನೆಟ್ಟಗೆ ಮಾಡಿ, ಕೂತ.

ಚೆಂಡು ಹಾರಿತು.

ಅವಳು ಎಸೆಯಲಿಲ್ಲ, ಕೈ ಎಸೆಯಿತು. ಚೆಂಡು ಗೋಡೆಗೆ ಬಡಿದು ಮಂಚದ ಕೆಳಗೆ ಉರುಳಿತು, ದೊರೆ ಕುಣಿಯುತ್ತಾ ಹಿಂದೆ ಓಡಿದ. ಟೀವಿಯವರ ಜಗಳ ನಡೆದೇ ಇತ್ತು. ಅತ್ತೆಯ ಎರಡೂ ಕೈ ಚೀಲದ ಮೇಲಿದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವುದು ಇದಕ್ಕೇ.

ಅಷ್ಟರಲ್ಲಿ ಗಂಡ ಏದುಸಿರು ಬಿಡುತ್ತಾ ಬಾಗಿಲಲ್ಲಿ ಬಂದು ನಿಂತ. ಯಾರೋ ಜೀಪಿನ ಸುದ್ದಿ ಮುಟ್ಟಿಸಿದ್ದರು. ಕೊರಳಲ್ಲಿ ಅಳತೆ ಟೇಪು, ಕಿವಿಯ ಮೇಲೆ ಸೀಮೆಸುಣ್ಣ. ಚೀಲ ನೋಡಿದ, ಸಾಹೇಬರನ್ನು ನೋಡಿದ. "ಸಾರ್, ಅದು... ಅದರಲ್ಲಿ ಗುಂಡಿ ಇದೆ ಸಾರ್. ಷರಟಿನ ಗುಂಡಿ."

"ಗುಂಡಿಗೆ ಕೂತನಾ?" ಎಂದರು ಮೀಸೆ ಸಾಹೇಬರು. ನಾಯಿಗಳು ಕೂರುವುದನ್ನು ನೋಡುತ್ತಲೇ ತಲೆ ಬೆಳ್ಳಗಾದ ಮನುಷ್ಯ ಅವರು.

ಚೆಂಡಕ್ಕನಿಗೆ ಎಲ್ಲವೂ ಒಂದೇ ಸಲ ತಿಳಿಯಿತು. ಮುಲಾಮಿನ ಘಾಟು ಯಾಕೆ, ನಿದ್ದೆ ಯಾಕೆ, ಗರಿಗರಿ ಖಾಕಿ ಅಂಗಡಿಯಲ್ಲೇ ಯಾಕೆ. ತನ್ನ ಬಟ್ಟೆಗೆ ವಾಸನೆ ಹತ್ತದಿರಲೆಂದು, ದೊರೆ ತನ್ನ ಮುಂದೆಯೇ ಕೂರದಿರಲೆಂದು.

ಅತ್ತೆ ಕುರ್ಚಿಯ ಕೈ ಹಿಡಿದು ಎದ್ದರು. "ನೋಡಿ ಸಾಹೇಬ್ರೇ, ಇವಳಿಗೆ ಏನೂ ಗೊತ್ತಿಲ್ಲ. ಅದು ನಂದು. ನಾನು..."

"ಅಮ್ಮಾ," ಸಾಹೇಬರು ಕೈ ಎತ್ತಿ ತಡೆದರು. "ನಾನು ನಿಮ್ಮನ್ನ ಏನಾದ್ರೂ ಕೇಳಿದ್ನಾ? ಇಲ್ಲ ತಾನೇ? ಕೂತ್ಕೊಳ್ಳಿ." ಆಮೇಲೆ ಚೆಂಡಕ್ಕನ ಕಡೆ ತಿರುಗಿದರು. "ಏನಮ್ಮಾ, ಈ ನಾಯಿಗೆ ಮೂಗು ಹೋಗಿದೆ ಅಲ್ವಾ?"

"ಸಾರ್?"

"ಉಲ್ಲನ್ ಚೀಲಕ್ಕೆ ಕೂರ್ತಾ ಇದೆ. ಮೂಗು ಹೋದ ನಾಯಿ ನನಗೆ ಬೇಡ, ಇವತ್ತೇ ಇಲ್ಲೇ ಬಿಟ್ಟು ಹೋಗ್ತೀನಿ. ಮೂಗು ನೆಟ್ಟಗಿದೆ ಅಂದ್ರೆ ಮಾತ್ರ ನಾನು ಆ ಚೀಲ ಬಿಚ್ಚಿಸಿ ನೋಡ್ಬೇಕು. ಅವನ ಜೊತೆ ಇದ್ದವಳು ನೀನು. ನೀನೇ ಹೇಳು. ಹೋಗಿದೆಯೋ, ಇದೆಯೋ?"

ಹಾವೂ ಸಾಯದೆ ಕೋಲೂ ಮುರಿಯದೆ ಇರಲು ಆ ಪುಣ್ಯಾತ್ಮ ಹುಡುಕಿದ ದಾರಿ ಅದು. ಒಂದು ಮಾತು ಹೇಳಿದರೆ ಅತ್ತೆ ಉಳಿಯುತ್ತಾರೆ, ದೊರೆಯೂ ಮನೆಯಲ್ಲೇ ಉಳಿಯುತ್ತಾನೆ. ಅವಳು ಬೇಡಿದ್ದೂ ಅದನ್ನೇ ಅಲ್ಲವೇ? ಆದರೆ ಅದು ದೊರೆಯ ಮೇಲೆ ಹೇಳಬೇಕಾದ ಸುಳ್ಳು. ದೊರೆ ಮಂಚದ ಕೆಳಗಿನಿಂದ ಧೂಳು ಮೆತ್ತಿಕೊಂಡು ಬಂದು ಚೆಂಡನ್ನು ಅವಳ ಅಂಗೈಗೆ ಹಾಕಿದ. ಎಂದಿನಂತೆ ಮುಖ ಎತ್ತಿ, ಬಾಲ ನೆಲಕ್ಕೆ ಬಡಿಯುತ್ತಾ, "ಭೇಷ್" ಎನ್ನುವುದನ್ನೇ ಕಾಯುತ್ತಾ ನಿಂತ.

"ಹೋಗಿದೆ ಸಾರ್," ಎಂದಳು ಚೆಂಡಕ್ಕ. "ಮೂಗು ಹೋಗಿದೆ."

"ಸರಿ." ಸಾಹೇಬರು ಬಗ್ಗಿ ದೊರೆಯ ಜೋತುಕಿವಿಯನ್ನು ಸ್ವಲ್ಪ ಹೊತ್ತು ಸವರಿದರು. ಬಾಗಿಲಲ್ಲಿ ನಿಂತು, ಅವಳ ಮುಖ ನೋಡದೆ, "ಇನ್ನು ಬೀಳ್ಕೊಡುಗೆ ಆಗಲ್ಲಮ್ಮ. ಫೋಟೋನೂ ಹಾಕೋಕಾಗಲ್ಲ. ಮೂಗು ಕೆಟ್ಟ ನಾಯಿ ಅಂತ ಆಯ್ತಲ್ಲ," ಎಂದು ಹೇಳಿ ಹೋದರು.

ಜೀಪಿನ ಸದ್ದು ಮರೆಯಾದ ಮೇಲೆ ಚೆಂಡಕ್ಕ ನೆಲಕ್ಕೆ ಕುಸಿದು ದೊರೆಯ ಕೊರಳು ತಬ್ಬಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಅದೂ ಬರಲೇಬೇಕಲ್ಲ.

"ಇಸ್ತ್ರಿ ಮಾಡಿ ಮಾಡಿ ಕೊಡ್ತಿದ್ರಲ್ಲ, ನಾನು ಪ್ರೀತಿ ಅಂದ್ಕೊಂಡಿದ್ದೆ ಕಣ್ರೀ! ಪ್ರೀತಿ ಅಂತೆ, ಪ್ರೀತಿ! ನನ್ನಷ್ಟು ಪೆದ್ದಿ ಇನ್ನೊಬ್ಬಳಿಲ್ಲ!"

"ಅದು ಪ್ರೀತಿನೇ ಕಣೇ," ಎಂದ ಗಂಡ, ಟೇಪನ್ನು ಬೆರಳಿಗೆ ಸುತ್ತುತ್ತಾ. "ಇನ್ನೇನು ಅಂದ್ಕೊಂಡೆ?"

ಅತ್ತೆ ಚೀಲದಿಂದ ಉಲ್ಲನ್ ಉಂಡೆಯೊಂದನ್ನು ತೆಗೆದು, ಅದರೊಳಗೆ ಸುತ್ತಿಟ್ಟ ಗಾಂಜಾ ಎಣ್ಣೆಯ ಪುಟ್ಟ ಶೀಸೆಯನ್ನು ಹೊರಗಿಟ್ಟರು. ಅವರ ಹಳೆಯ ಶಿಷ್ಯನೊಬ್ಬ ತಂದುಕೊಡುತ್ತಿದ್ದನಂತೆ, ನಾಲಿಗೆಯಡಿ ಕೆಲವು ತೊಟ್ಟು. "ಬೇಡ ಬೇಡ ಅಂದೆನಮ್ಮ. ಆದರೆ ಆ ನೋವು... ಮನುಷ್ಯರನ್ನ ಮನುಷ್ಯರಾಗಿ ಇರೋಕೆ ಬಿಡಲ್ಲ ಅದು. ನಿನಗೆ ಹೇಳಿದ್ರೆ ಏನಾಗ್ತಿತ್ತು ಹೇಳು? ಒಂದೋ ನೀನು ನನ್ನ ಹಿಡಿದು ಕೊಡ್ಬೇಕು, ಇಲ್ಲಾ ಸುಳ್ಳು ಹೇಳ್ಬೇಕು. ಎರಡೂ ನಿನ್ನ ಕೈಲಾಗಲ್ಲ. ಅದಕ್ಕೇ ಮುಚ್ಚಿಟ್ವಿ. ಕೊನೆಗೆ ಸುಳ್ಳೇ ಹೇಳಿಸಿಬಿಟ್ಟೆ ನೋಡು ನಾನು."

ಚೆಂಡಕ್ಕ ಕೈಯಲ್ಲಿದ್ದ ಚೆಂಡಿನ ಧೂಳು ಒರೆಸಿದಳು. ದೊರೆ ಇನ್ನೂ ಕಾಯುತ್ತಿದ್ದ, ಅವಳ ಮುಖವನ್ನೇ ನೋಡುತ್ತಾ. ಅತ್ತೆ ಪಕ್ಕೆ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿದರು. ಅವನ ತಲೆಯ ಮೇಲೆ ಕೈಯಿಟ್ಟು, ತರಗತಿಯಲ್ಲಿ ಸರಿಯುತ್ತರ ಕೊಟ್ಟ ಹುಡುಗನಿಗೆ ಹೇಳುವ ದನಿಯಲ್ಲಿ, "ಭೇಷ್ ಕಣೋ ದೊರೆ. ನೀನು ಹೇಳಿದ್ದೇ ಸರಿ," ಎಂದರು. ಆಗ ಅವನ ಬಾಲ ಮತ್ತೆ ಬಡಿಯತೊಡಗಿತು.

ಹೀಗೆ ದೊರೆ ಮನೆಯವನಾದ. ಅತ್ತೆ ಶೀಸೆ ತೆರೆದಾಗಲೆಲ್ಲ ಎಲ್ಲಿದ್ದರೂ ಬಂದು ಮುಂದೆ ಕೂರುತ್ತಾನೆ, ಮನೆಯಲ್ಲಿ ಯಾರಿದ್ದರೂ ಅವರು ಚೆಂಡು ಎಸೆಯಬೇಕು, ಅದು ಮನೆಯ ಕಾನೂನು. ಚೆಂಡಕ್ಕನಿಗೆ ದಳದಲ್ಲಿ ಹೊಸ ನಾಯಿ ಬಂತು, ಗಾಂಜಾದ ಗಂಧಗಾಳಿ ಗೊತ್ತಿಲ್ಲದ ನಾಯಿ. ಖಾಕಿ ಈಗ ಮನೆಗೇ ತರಬಹುದು. ಆದರೂ ಗಂಡ ಇಸ್ತ್ರಿ ಬಿಟ್ಟಿಲ್ಲ.

ಎಲ್ಲಾ ಸುಖವೇ. ಒಂದು ಮುಳ್ಳು ಬಿಟ್ಟು. ಗೋದಾಮಿನಲ್ಲಿ ಸುದ್ದಿ ಹಬ್ಬಿತ್ತು. "ಚೆಂಡಕ್ಕ, ನಿಮ್ಮ ದೊರೆಗೆ ಮೂಗೇ ಇರ್ಲಿಲ್ವಂತಲ್ಲ! ಅಜ್ಜಿ ಉಲ್ಲನ್ ಹಿಡಿದನಂತೆ!" ಎಂದು ಡ್ರೈವರ್ ನಗುತ್ತಿದ್ದ. "ಹಾಗಾದ್ರೆ ಮುಂಚೆ ಹಿಡಿದಿದ್ದೆಲ್ಲಾ ಏನು ಲಾಟರಿನಾ?" ಎಂದ ಗುಮಾಸ್ತ. ಹಿಂದಿನ ಚೆಂಡಕ್ಕನಾಗಿದ್ದರೆ ಅವರ ಜನ್ಮ ಜಾಲಾಡುತ್ತಿದ್ದಳು. ಈಗ "ಹೌದಪ್ಪಾ, ವಯಸ್ಸಾಯ್ತು ಅವನಿಗೆ" ಎಂದು ಚಹದ ಲೋಟಕ್ಕೆ ಮುಖ ತಗ್ಗಿಸುತ್ತಿದ್ದಳು. ಒಂದು ದಿನ ಹೇಳಿದ ಸುಳ್ಳಾದರೆ ಹೇಗೋ ಮರೆತೀತು. ಇದನ್ನು ಅವಳು ದಿನಾ ಹೇಳಬೇಕಿತ್ತು, ಅದೂ ಒಂದು ದಿನವೂ ಸುಳ್ಳಾಡದವನ ಬಗ್ಗೆ.

ಹಾಗಿರುವಾಗ ಅವಳಿಗೊಂದು ವಿಷಯ ಹೊಳೆಯಿತು. ಆ ಕಾನೂನು ಬಂದರೆ ಅತ್ತೆಯ ಶೀಸೆ ಅಪರಾಧವಲ್ಲ. ಅಪರಾಧವಲ್ಲದ ಮೇಲೆ ಮುಚ್ಚಿಡುವುದೇನು? ಅವತ್ತು ಚಹದಂಗಡಿಯ ಮುಂದೆ ನಿಂತು, ಆ ಚೀಲದಲ್ಲಿ ಏನಿತ್ತು, ದೊರೆ ಯಾಕೆ ಕೂತ ಎಂದು ಗಂಟಲು ಹರಿಯುವಂತೆ ಹೇಳಬಹುದು. ಮೀಸೆ ಸಾಹೇಬರ ಕೈಕಾಲು ಹಿಡಿದಾದರೂ ಗೋಡೆಗೆ ಅವನ ಫೋಟೋ ಹಾಕಿಸಬಹುದು.

ವಾರ್ಡ್ ಸಭೆ ಶಾಲೆಯ ಹಾಲಿನಲ್ಲಿ ನಡೆಯಿತು. ಬೆಂಚುಗಳು ತುಂಬಿ ಜನ ಕಿಟಕಿಯಲ್ಲೂ ನಿಂತಿದ್ದರು. ಮಕ್ಕಳು ಹಾಳಾಗುತ್ತಾರೆ ಎಂದು ಕೆಲವರು ಕೂಗಿದರು, ಅವರ ಭಯ ಸುಳ್ಳಲ್ಲ. ತೆರಿಗೆಯಿಂದ ರಸ್ತೆಯಾಗುತ್ತದೆ, ಕಳ್ಳಸಾಗಣೆ ನಿಲ್ಲುತ್ತದೆ ಎಂದು ಕೆಲವರು ಮೇಜು ಕುಟ್ಟಿದರು. ಕೊನೆಗೆ ಸಭೆ ನಡೆಸುತ್ತಿದ್ದ ವಾರ್ಡ್ ಸದಸ್ಯೆ, "ಕಾನೂನು ಬರಲಿ ಅನ್ನೋರು ಕೈ ಎತ್ತಿ" ಎಂದರು. ಸರ್ಕಾರಿ ಕೆಲಸದವಳು ತೆಪ್ಪಗಿರು ಎಂದು ಗಂಡ ಮನೆಯಿಂದಲೇ ಹೇಳಿ ಕರೆತಂದಿದ್ದ. ಚೆಂಡಕ್ಕ ಎದ್ದು ನಿಂತು ಕೈ ಎತ್ತಿದಳು.

ಹಾಲಿನಲ್ಲಿ ಗುಜುಗುಜು ಎದ್ದಿತು. "ಅರೆ, ಹಿಡಿಯೋರೇ ಬೇಕು ಅಂತಿದ್ದಾರಲ್ಲ!" ಎಂದ ಹಿಂದಿನಿಂದ ಡ್ರೈವರ್. ಸದಸ್ಯೆಗೂ ಆಶ್ಚರ್ಯ. "ಇಷ್ಟು ವರ್ಷ ನಾಯಿ ಬಿಟ್ಟು ಹಿಡಿದವರು ನೀವು, ಚೆಂಡಕ್ಕ. ಕಾರಣ ಹೇಳಿ, ಬರ್ಕೊಳ್ತೀವಿ. ತೆರಿಗೆನಾ, ಔಷಧಿನಾ?"

"ಹೇಳೋ ಹಾಗಿಲ್ಲ ಮೇಡಂ," ಎಂದಳು ಚೆಂಡಕ್ಕ. ಎತ್ತಿದ ಕೈ ಇಳಿಯಲಿಲ್ಲ. "ಹೇಳೋ ಹಾಗಾಗ್ಲಿ ಅಂತಲೇ ಕೈ ಎತ್ತಿದ್ದೀನಿ."

ಜನ ನಕ್ಕರು, ಅರ್ಥವಾಗದೆ. ಅವಳ ಪಕ್ಕದಲ್ಲಿ ಅತ್ತೆ ಒಂದು ಕೈಯಿಂದ ಪಕ್ಕೆ ಹಿಡಿದುಕೊಂಡು ಮೆಲ್ಲಗೆ ಎದ್ದರು, ಇನ್ನೊಂದು ಕೈ ಎತ್ತಿದರು.